ಕೇಳಿದವರಿಗೆ ಉತ್ತರ, ಬೇಕಾದವರಿಗೆ ಹುಡಿ

2021ರ ಮುಂಗಾರು ಹಿಡಿದ ದಿನಗಳಲ್ಲಿ ಉತ್ತರ ಕನ್ನಡ, ದಕ್ಷಿಣ ಕನ್ನಡದ ಕೃಷಿಕರ ವಾಟ್ಸ್ಯಾಪ್ ಗ್ರೂಪುಗಳನ್ನು ತೆರೆದರೆ ಬಾಳೆಕಾಯಿಯದೇ ಸುದ್ದಿ. ಒಬ್ಬರು ದೋಸೆಯ ಫೋಟೊ ಹಾಕಿದರೆ ಅದರ ಕೆಳಗೆ ಇನ್ನೊಬ್ಬರ ಗುಲಾಬ್ ಜಾಮೂನು, ಅದರ ಕೆಳಗೆ ಮತ್ತೊಬ್ಬರ ರೊಟ್ಟಿ. ಎಲ್ಲವೂ ಮಾಡಿದ್ದು ಬಾಳೆಕಾಯಿ ಹುಡಿಯಿಂದ. ‘ಬಾಕಾಹು’ ಎಂಬ ಮೂರಕ್ಷರದ ಅಡ್ಡಹೆಸರು ಆಗಲೇ ಬಾಯಿಗೆ ಬಂದಿತ್ತು. ಅಲ್ಲಿಯ ತನಕ ನಮ್ಮ ಕಡೆಯ ಅಂಗಡಿಗಳಲ್ಲಿ ಕಾಣದಿದ್ದ ಪದಾರ್ಥ ಅದು. ಜಾಹೀರಾತಿಗೆ ಯಾರೂ ದುಡ್ಡು ಹಾಕಿರಲಿಲ್ಲ, ಏಜೆನ್ಸಿ ಇರಲಿಲ್ಲ, ದೊಡ್ಡ ಕಂಪನಿಯ ಹೆಸರೂ ಹಿಂದಿರಲಿಲ್ಲ. ಅದೇ ವರ್ಷದ ಜುಲೈ 25ರ ‘ಮನ್ ಕೀ ಬಾತ್’ನಲ್ಲಿ ಪ್ರಧಾನಿ ನರೇಂದ್ರ ಮೋದಿ ಈ ಎರಡು ಜಿಲ್ಲೆಗಳ ಮಹಿಳೆಯರು ಬಾಳೆಕಾಯಿ ಹುಡಿಯಿಂದ ದೋಸೆ, ಜಾಮೂನು ಮಾಡಿ ಫೋಟೊಗಳನ್ನು ಸಾಮಾಜಿಕ ಜಾಲತಾಣದಲ್ಲಿ ಹಂಚಿಕೊಂಡದ್ದನ್ನೂ, ಅದರಿಂದ ಬೇಡಿಕೆ ಹೆಚ್ಚಿದ್ದನ್ನೂ ಪ್ರಸ್ತಾಪಿಸಿದರು.

ಆನ್‌ಲೈನ್ ಗುಂಪುಗಳಲ್ಲಿ ಸಣ್ಣ ಉದ್ದಿಮೆಯೊಂದು ಹೇಗೆ ಬೆಳೆಯುತ್ತದೆ ಎಂದು ತಿಳಿಯಬೇಕಾದವರು ಬಾಕಾಹುವಿನ ಕಥೆಯನ್ನು ಸಾವಧಾನವಾಗಿ ನೋಡಬೇಕು. ಬೆಂಗಳೂರಿನ ಡಿಜಿಟಲ್ ಮಾರ್ಕೆಟಿಂಗ್ ತರಗತಿಗಳಲ್ಲಿ ಸಾವಿರಾರು ರೂಪಾಯಿ ಶುಲ್ಕ ಕೊಟ್ಟು ಕಲಿಯುವ ಬಹಳಷ್ಟು ಸಂಗತಿ ಇಲ್ಲಿ ಅಡುಗೆಮನೆಯಿಂದಲೇ ನಡೆದುಹೋಗಿದೆ.

ಆ ವರ್ಷದ ಪರಿಸ್ಥಿತಿ ನೆನಪಿಸಿಕೊಳ್ಳಿ. ಕೊರೊನಾ ಎರಡನೇ ಅಲೆಯ ನಿರ್ಬಂಧ ಏಪ್ರಿಲ್ ಕೊನೆಗೆ ಶುರುವಾಯಿತು. ಮದುವೆ ಮುಂಜಿಗಳು ನಿಂತವು, ಹೋಟೆಲುಗಳು ಮುಚ್ಚಿದವು, ದೇವಸ್ಥಾನಗಳ ಅನ್ನಸಂತರ್ಪಣೆ ಇಲ್ಲವಾಯಿತು. ಬಾಳೆಗೊನೆಗೆ ದೊಡ್ಡ ಗಿರಾಕಿಗಳು ಇವೇ. ಕೊಯ್ಲಿನ ಕೂಲಿಯೂ ಹುಟ್ಟದ ದರಕ್ಕೆ ಗೊನೆ ಇಳಿದಾಗ ಅಡಿಕೆ ತೋಟದ ನಡುವೆ ಬಾಳೆ ಬೆಳೆದವರು ಅದನ್ನು ಗಿಡದಲ್ಲೇ ಹಣ್ಣಾಗಲು ಬಿಟ್ಟರು, ದನಗಳಿಗೆ ಹಾಕಿದರು. ಬಾಳೆಯನ್ನು ಕಾದಿಡಲು ಬರುವುದಿಲ್ಲ. ಹಣ್ಣಾಗಲು ಶುರುವಾದರೆ ನಾಲ್ಕು ದಿನ, ಆಮೇಲೆ ಗೊಬ್ಬರ. ಕಾಯಿ ಇದ್ದಾಗಲೇ ಒಣಗಿಸಿ ಹುಡಿ ಮಾಡಿದರೆ ಮಾತ್ರ ತಿಂಗಳುಗಟ್ಟಲೆ ಇಡಬಹುದು.

ಈ ಜ್ಞಾನ ನಮ್ಮ ನೆರೆಯ ಕೇರಳದಲ್ಲಿತ್ತು. ಅಲ್ಲಿ ಎಳೆಮಕ್ಕಳಿಗೆ ಬಾಳೆಕಾಯಿ ಹುಡಿಯ ಗಂಜಿ ಕುಡಿಸುವುದು ಅಜ್ಜಿಯರ ಕಾಲದಿಂದ ಬಂದ ರೂಢಿ. ಗಡಿಯಾಚೆಯ ಈ ತಿಳಿವಳಿಕೆಯನ್ನು ಈಚೆಗೆ ತಂದವರು ಪುತ್ತೂರಿನ ‘ಅಡಿಕೆ ಪತ್ರಿಕೆ’ಯ ಸಂಪಾದಕ ಶ್ರೀ ಪಡ್ರೆ ಮತ್ತು ಶಿರಸಿ ಕಡೆಯ ಕೃಷಿಕರ ವಾಟ್ಸ್ಯಾಪ್ ಬಳಗ. ಆಲಪ್ಪುಳದ ಕೃಷಿ ವಿಜ್ಞಾನ ಕೇಂದ್ರದ ಪರಿಣತರಿಂದ ಗ್ರೂಪಿನ ಸದಸ್ಯರಿಗೆ ಆನ್‌ಲೈನಿನಲ್ಲೇ ಪಾಠವಾಯಿತು. ಕೇಳಿಸಿಕೊಂಡವರು ಅವತ್ತೇ ಕತ್ತಿ ಹಿಡಿದು ಗೊನೆಯ ಹತ್ತಿರ ಹೋದರು.

ಮಾಡುವ ರೀತಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಏಕೆಂದರೆ ಮಾರಾಟದ ಗುಟ್ಟು ಅದರಲ್ಲೇ ಇದೆ. ಚೆನ್ನಾಗಿ ಬಲಿತ, ಆದರೆ ಹಳದಿಗೆ ತಿರುಗದ ಕಾಯಿ ಬೇಕು. ಸಿಪ್ಪೆ ಹೆರೆಯುವ ಮುಂಚೆ ಅಂಗೈಗೆ ತೆಂಗಿನೆಣ್ಣೆ ಸವರಿಕೊಳ್ಳಬೇಕು, ಇಲ್ಲದಿದ್ದರೆ ಬಾಳೆಯ ಸೊನೆ ಕೈಗೆ ಹಿಡಿದು ಕಪ್ಪಾಗುತ್ತದೆ. ಕಬ್ಬಿಣದ ಮೆಟ್ಟುಕತ್ತಿ ಬೇಡ, ಸ್ಟೀಲಿನ ಚಾಕು ಆಗಬೇಕು. ಕಬ್ಬಿಣ ತಾಗಿದ ಹೋಳು ಇನ್ನಷ್ಟು ಬೇಗ ಕಪ್ಪಾಗುತ್ತದೆ. ತೆಳುವಾಗಿ ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ, ಹೆಚ್ಚಿದ ಹಾಗೆಯೇ ಉಪ್ಪು ಬೆರೆಸಿದ ಗಂಜಿನೀರಿಗೋ ಮಜ್ಜಿಗೆಗೋ ಬೀಳಿಸಬೇಕು. ಗಾಳಿಗೆ ಬಿಟ್ಟರೆ ಕಾಯೊಳಗಿನ ಕಿಣ್ವ ಕೆಲಸ ಶುರು ಮಾಡಿ ಬಣ್ಣ ಕಂದುತ್ತದೆ. ನೀರು ಬಸಿದು ಒಣಗಿಸಿದರೆ ಬಿಸಿಲಲ್ಲಿ ಎರಡು ಮೂರು ದಿನ, ಡ್ರೈಯರಿನಲ್ಲಾದರೆ ಅರ್ಧ ದಿನದ ಆಸುಪಾಸು. ಬಿಲ್ಲೆಯನ್ನು ಬೆರಳ ನಡುವೆ ಮುರಿದಾಗ ‘ಟಕ್’ ಎನ್ನಬೇಕು. ಬಾಗಿದರೆ ಇನ್ನೂ ಆಗಿಲ್ಲ ಎಂದೇ ಅರ್ಥ. ಸಿಪ್ಪೆ, ನೀರು ಎಲ್ಲ ಕಳೆದು ಒಂದು ಕಿಲೋ ಹುಡಿಗೆ ಹೆಚ್ಚುಕಡಿಮೆ ಐದು ಕಿಲೋ ಕಾಯಿ ಬೇಕಾಗುತ್ತದೆ.

ಈಗ ಇದನ್ನು ಮಾಡಿದವರೊಬ್ಬರು ಗ್ರೂಪಿನಲ್ಲಿ ಫೋಟೊ ಹಾಕುತ್ತಾರೆ ಎನ್ನಿ. ಮೊದಲ ಪ್ರಶ್ನೆ ಬರುತ್ತದೆ: ‘ನನ್ನದು ಬೂದು ಬಣ್ಣ ಬಂತು, ಯಾಕೆ?’ ಉತ್ತರ: ‘ಹೆಚ್ಚಿ ಎಲ್ಲ ಮುಗಿದ ಮೇಲೆ ನೀರಿಗೆ ಹಾಕಿದಿರಾ? ಹೆಚ್ಚುತ್ತಲೇ ಹಾಕಿ.’ ಎರಡನೆಯದು: ‘ಚಪಾತಿ ಲಟ್ಟಿಸುವಾಗ ಹರಿಯುತ್ತದೆ.’ ಉತ್ತರ: ‘ಇದರಲ್ಲಿ ಗ್ಲುಟೆನ್ ಇಲ್ಲ, ಅಂಟು ಹಿಡಿಯುವುದಿಲ್ಲ. ಗೋಧಿಹಿಟ್ಟು ಅರ್ಧ ಸೇರಿಸಿ, ಬಿಸಿನೀರಲ್ಲಿ ಕಲಸಿ.’ ಮೂರನೆಯದು: ‘ಮಳೆಗಾಲ, ಬಿಸಿಲಿಲ್ಲ, ಏನು ಮಾಡಲಿ?’ ಇದಕ್ಕೆ ಇಬ್ಬರು ಉತ್ತರ ಕೊಡುತ್ತಾರೆ. ಒಬ್ಬರು ಅಡಿಕೆ ಒಣಗಿಸುವ ಡ್ರೈಯರಿನ ಫೋಟೊ ಹಾಕುತ್ತಾರೆ, ಇನ್ನೊಬ್ಬರು ಒಲೆಯ ಮೇಲಿನ ಅಟ್ಟದ್ದು. ನಾಲ್ಕನೆಯ ಸಂದೇಶ ಪೇಟೆಯಲ್ಲಿರುವವರದು: ‘ನನಗೆ ಮಾಡಲು ಸಮಯವಿಲ್ಲ. ಒಂದು ಕಿಲೋ ಕಳಿಸುತ್ತೀರಾ? ಎಷ್ಟು?’

ವ್ಯಾಪಾರ ಹುಟ್ಟುವ ಜಾಗ ಇದು. ಮಾರುವವರು ‘ಕೊಳ್ಳಿ’ ಎಂದು ಒಂದು ಸಲವೂ ಹೇಳಿಲ್ಲ. ಮಾಡುವ ವಿಧಾನವನ್ನು ಒಂದಿಷ್ಟೂ ಬಚ್ಚಿಡದೆ ಎಲ್ಲರಿಗೂ ಕೊಟ್ಟುಬಿಟ್ಟಿದ್ದಾರೆ. ಗುಟ್ಟು ಬಿಟ್ಟುಕೊಟ್ಟರೆ ಗಿರಾಕಿ ತಪ್ಪಿಹೋಗುತ್ತಾನೆ ಎಂಬ ಅಂಜಿಕೆ ಸಣ್ಣ ಉದ್ಯಮಿಗಳಲ್ಲಿ ಬಹಳ ಇದೆ. ನಡೆದದ್ದು ಅದರ ವಿರುದ್ಧ. ಓದಿ ತಾವೇ ಮಾಡಿಕೊಂಡವರು ಹೇಗೂ ಕೊಳ್ಳುವವರಲ್ಲ. ಓದಿದ ಮೇಲೆ ಇದಕ್ಕೆ ಎಷ್ಟು ಕೆಲಸವಿದೆ ಎಂದು ಅರಿತ ಪೇಟೆಯವರು ಕೇಳಿದ ಬೆಲೆ ಕೊಡಲು ಹಿಂಜರಿಯಲಿಲ್ಲ. ಕಾಯಿ ಕಿಲೋಗೆ ಹತ್ತು ರೂಪಾಯಿ ಎಂದು ಹಿಡಿದರೂ ಹುಡಿಗೆ ಬರೀ ಕಾಯಿಯ ಖರ್ಚೇ ಐವತ್ತಾಯಿತು. ಹೆಚ್ಚುವ ಕೂಲಿ, ಕರೆಂಟು, ಮಿಲ್ಲು, ಪ್ಯಾಕೆಟ್ಟು, ಕೊರಿಯರ್ ಬೇರೆ. ಇಷ್ಟನ್ನು ಗ್ರೂಪಿನಲ್ಲೇ ಲೆಕ್ಕ ಬಿಡಿಸಿ ಹೇಳಿದವರ ಜೊತೆ ‘ಇಷ್ಟು ದುಬಾರಿಯಾ?’ ಎಂಬ ಚೌಕಾಸಿ ನಡೆಯುವುದಿಲ್ಲ.

ಅಡಿಕೆ ಪತ್ರಿಕೆಯ ಹಳೆಯ ಓದುಗರಿಗೆ ಹೀಗೆ ಬಚ್ಚಿಡದೆ ಹೇಳುವುದರ ಬೇರು ಎಲ್ಲಿದೆ ಎಂದು ಗೊತ್ತಿದೆ. ಎಂಬತ್ತರ ದಶಕದ ನಡುವಿನಲ್ಲಿ ಅಡಿಕೆಯ ಧಾರಣೆ ಕುಸಿದಾಗ ಬೆಳೆಗಾರರು ಸಂಘಟಿತರಾದರು, ಅದರ ಬೆನ್ನಿಗೆ 1988ರಲ್ಲಿ ಅಡಿಕೆ ಪತ್ರಿಕೆ ಬಂತು. ಕೃಷಿಕರ ಕೈಗೇ ಲೇಖನಿ ಕೊಡುವುದು ಅದರ ಆಶಯವಾಗಿತ್ತು. ಒಂದು ತಿಂಗಳು ಯಾರೋ ತಮ್ಮ ತೋಟದ ಪ್ರಯೋಗವನ್ನು ಬರೆದರೆ ಮುಂದಿನ ತಿಂಗಳು ಅದಕ್ಕೆ ಪ್ರಶ್ನೆ, ಅದರ ಮುಂದಿನ ತಿಂಗಳು ಉತ್ತರ. ಹಲಸಿನ ಬಗ್ಗೆ ಆ ಪತ್ರಿಕೆ ವರ್ಷಗಟ್ಟಲೆ ನಡೆಸಿದ ಚರ್ಚೆಯಿಂದಲೇ ಹಲಸಿನ ಮೇಳಗಳಿಗೂ ಹಲಸಿನ ತಿನಿಸಿನ ಹೊಸ ಮನೆ ಉದ್ದಿಮೆಗಳಿಗೂ ಬಲ ಬಂತು. ಬಾಕಾಹು ಮೂರು ತಿಂಗಳ ಆ ಮಾತುಕತೆಯನ್ನು ಮೂರು ಗಂಟೆಗೆ ಇಳಿಸಿತು. ಬರೆದು ರೂಢಿಯಿದ್ದ, ಕೇಳಿದ್ದಕ್ಕೆ ನೇರವಾಗಿ ಹೇಳುವ ಅಭ್ಯಾಸವಿದ್ದ ಜನ ಮೊದಲೇ ಇದ್ದರು. ಫೋನು ಆಮೇಲೆ ಬಂತು. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ಇವತ್ತು ಗ್ರೂಪ್ ಮಾಡಿ ನಾಳೆ ಮಾರಾಟ ಮಾಡುತ್ತೇವೆಂದು ಹೊರಡುವವರಿಗೆ ಈ ನೆಲದ ತಯಾರಿ ಕಣ್ಣಿಗೆ ಬೀಳುವುದಿಲ್ಲ. ಅಪರಿಚಿತರ ನಂಬರುಗಳನ್ನು ಒಟ್ಟುಗೂಡಿಸಿದರೆ ಅದು ವಿಳಾಸಗಳ ಪಟ್ಟಿಯಾದೀತು, ಬಳಗವಾಗಲಿಕ್ಕೆ ಮಾತುಕತೆ ನಡೆದಿರಬೇಕು.

ಇನ್ನು ಈ ದಾರಿಯ ತೊಡಕುಗಳು. 2021ರಲ್ಲಿ ವಾಟ್ಸ್ಯಾಪಿನ ಒಂದು ಗ್ರೂಪಿಗೆ 256 ಜನರ ಮಿತಿ ಇತ್ತು. 2022ರಲ್ಲಿ ಅದು 512 ಆಗಿ, ಅದೇ ವರ್ಷದ ಕೊನೆಗೆ 1,024 ಆಯಿತು. ಮಿತಿ ಹೆಚ್ಚಿದ್ದರಿಂದ ಒಳಿತಾಯಿತೇ? ನನಗೆ ಹಾಗೆ ಅನ್ನಿಸುವುದಿಲ್ಲ. 256 ಜನರಲ್ಲಿ ಯಾರು ಎಲ್ಲಿಯವರು, ಯಾರ ತೋಟದಲ್ಲಿ ಏನಿದೆ ಎಂದು ಒಬ್ಬರಿಗೊಬ್ಬರಿಗೆ ಗೊತ್ತಿರುತ್ತಿತ್ತು. ಸಾವಿರ ದಾಟಿದ ಗುಂಪುಗಳಲ್ಲಿ ಬೆಳಗಿನ ಶುಭೋದಯದ ಚಿತ್ರಗಳ ನಡುವೆ ನಿಜವಾದ ಪ್ರಶ್ನೆ ಕಳೆದುಹೋಗುತ್ತದೆ, ಮ್ಯೂಟ್ ಮಾಡಿದವರೇ ಹೆಚ್ಚು. ಒಳ್ಳೆಯ ಅಡ್ಮಿನ್ ಇರುವ ಗುಂಪೇ ಬೇರೆ. ‘ವಿಷಯ ಬಿಟ್ಟು ಬೇರೆ ಹಾಕಬೇಡಿ’, ‘ಮಾರಾಟದ ಪೋಸ್ಟಿಗೆ ವಾರದಲ್ಲಿ ಒಂದು ದಿನ’ ಎಂಬ ಕಟ್ಟುಪಾಡು ಹಾಕಿ, ತನ್ನ ನೆಂಟನೇ ಮುರಿದರೂ ಎಚ್ಚರಿಕೆ ಕೊಡುವ ಅಡ್ಮಿನ್ನುಗಳನ್ನು ನೋಡಿದ್ದೇನೆ. ದಿನವಿಡೀ ಸಂಬಳವಿಲ್ಲದೆ ಅವರು ಮಾಡುವ ಈ ಕಾವಲಿನಿಂದ ಎಷ್ಟು ಮನೆಗಳ ಹಪ್ಪಳ, ಜೇನು, ಜೋನಿಬೆಲ್ಲ ಮಾರಾಟವಾಗುತ್ತಿದೆ ಎಂಬುದನ್ನು ಯಾವ ಇಲಾಖೆಯೂ ಲೆಕ್ಕ ಇಟ್ಟಂತಿಲ್ಲ.

ವಾಟ್ಸ್ಯಾಪಿನ ಇನ್ನೊಂದು ಕೊರತೆ ಗಂಭೀರವಾದದ್ದು. ಅಲ್ಲಿ ಆಡಿದ ಮಾತು ಅಲ್ಲೇ ಹೂತುಹೋಗುತ್ತದೆ. ಆ ಕಾಲದಲ್ಲಿ ಹೊಸದಾಗಿ ಸೇರಿದ ಸದಸ್ಯರಿಗೆ ಹಿಂದಿನ ಸಂದೇಶಗಳು ಕಾಣುತ್ತಿರಲಿಲ್ಲ. ಗೂಗಲಿನಲ್ಲಿ ಹುಡುಕಿದರೆ ಗುಂಪಿನೊಳಗಿನ ಮಾತು ಸಿಗುವುದೂ ಇಲ್ಲ. ಹುಡಿಯ ಬಣ್ಣ ಯಾಕೆ ಕೆಡುತ್ತದೆ ಎಂಬ ಪ್ರಶ್ನೆಗೆ ಸೊಗಸಾದ ಉತ್ತರ ಕೊಟ್ಟ ಗೃಹಿಣಿ ಅದನ್ನೇ ಮತ್ತೆ ಮತ್ತೆ ಟೈಪ್ ಮಾಡಬೇಕು, ಇಲ್ಲವೇ ಸುಸ್ತಾಗಿ ಸುಮ್ಮನಾಗಬೇಕು. ಬಾಕಾಹುವಿನ ಮಟ್ಟಿಗೆ ಪತ್ರಿಕೆಯೊಂದು ಜೊತೆಗಿದ್ದುದರಿಂದ ಅನುಭವಗಳು ಅಚ್ಚಿನಲ್ಲಿ ಉಳಿದವು. ಬೇರೆ ನೂರಾರು ಉತ್ಪನ್ನಗಳಿಗೆ ಆ ಭಾಗ್ಯವಿಲ್ಲ. ಟೆಲಿಗ್ರಾಂ ಗುಂಪಿನಲ್ಲೋ ಫೇಸ್‌ಬುಕ್ ಗುಂಪಿನಲ್ಲೋ ಹಳೆಯ ಮಾತುಕತೆ ಹೊಸಬರಿಗೆ ಸಿಗುತ್ತದೆ, ಹುಡುಕಲೂ ಬರುತ್ತದೆ. ಮಾತುಕತೆ ವಾಟ್ಸ್ಯಾಪಿನಲ್ಲಿ ನಡೆದರೂ ಅದರ ಸಾರವನ್ನು ಅಂಥ ಕಡೆ ಬರೆದಿಡುವ ಕೆಲಸವನ್ನು ಗುಂಪಿನಲ್ಲಿ ಒಬ್ಬರಾದರೂ ವಹಿಸಿಕೊಳ್ಳಬೇಕು.

ಅತಿಯಾದ ಹೊಗಳಿಕೆಯ ಬಗ್ಗೆ ನನಗೆ ನಿಜವಾದ ಆತಂಕವಿದೆ. ಬಾಳೆಕಾಯಿಯಲ್ಲಿ ಸುಲಭವಾಗಿ ಜೀರ್ಣವಾಗದ ಪಿಷ್ಟ ಹೇರಳವಾಗಿದೆ, ಕರುಳಿನ ಆರೋಗ್ಯಕ್ಕೆ ಅದು ಒಳ್ಳೆಯದು ಎಂಬುದು ನಿಜ. ಆದರೆ ಬೇಯಿಸಿದಾಗ ಆ ಗುಣದ ದೊಡ್ಡ ಪಾಲು ಕಡಿಮೆಯಾಗುತ್ತದೆ ಎಂಬುದೂ ಅಷ್ಟೇ ನಿಜ. ಇದನ್ನು ಹೇಳದೆ ‘ಸಕ್ಕರೆ ಕಾಯಿಲೆಗೆ ರಾಮಬಾಣ’ ಎಂದು ಒಬ್ಬರು ಫಾರ್ವರ್ಡ್ ಮಾಡಿದರೆ ಸಾಕು, ಸಂಜೆಯೊಳಗೆ ಐವತ್ತು ಗುಂಪುಗಳಿಗೆ ಹೋಗಿರುತ್ತದೆ. ಅದನ್ನು ನಂಬಿ ಮಾತ್ರೆ ಬಿಡುವ ಹಿರಿಯರು ನಮ್ಮ ಮನೆಗಳಲ್ಲೇ ಇದ್ದಾರೆ. ಕಾನೂನೂ ಇಲ್ಲಿ ಸ್ಪಷ್ಟವಾಗಿದೆ. ಮಧುಮೇಹವನ್ನು ಗುಣಪಡಿಸುತ್ತೇವೆಂದು ಔಷಧದಂತೆ ಪ್ರಚಾರ ಮಾಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ. ಆಹಾರದ ಬಗ್ಗೆ ದಾರಿತಪ್ಪಿಸುವ ಜಾಹೀರಾತಿಗೆ 2006ರ ಆಹಾರ ಸುರಕ್ಷತೆ ಕಾಯ್ದೆಯಡಿ 10 ಲಕ್ಷ ರೂಪಾಯಿ ತನಕ ದಂಡವಿದೆ. ‘ಗ್ರೂಪಿನಲ್ಲಿ ಹಾಕಿದ್ದು ಜಾಹೀರಾತಲ್ಲ’ ಎಂದು ನೆಮ್ಮದಿಯಾಗಿರಲು ಬರುವುದಿಲ್ಲ. ಮಾರುವವರು ಹಾಕಿದ ಹೊಗಳಿಕೆ ಎಲ್ಲಿದ್ದರೂ ಜಾಹೀರಾತೇ.

ಇದರ ತಮ್ಮ ಎನ್ನಬಹುದಾದ ಇನ್ನೊಂದು ದುರಭ್ಯಾಸವಿದೆ: ತಂಗಿಯ ಗಂಡನಿಂದಲೋ ಗೆಳತಿಯಿಂದಲೋ ‘ತರಿಸಿಕೊಂಡೆ, ಅದ್ಭುತವಾಗಿದೆ’ ಎಂದು ಬರೆಸುವುದು. ಇಂಥ ಗುಪ್ತ ಹೊಗಳಿಕೆಯನ್ನು ತಡೆಯಲು ಭಾರತೀಯ ಮಾನಕ ಬ್ಯೂರೊ 2022ರ ನವೆಂಬರಿನಲ್ಲಿ ಆನ್‌ಲೈನ್ ವಿಮರ್ಶೆಗಳಿಗೇ ಒಂದು ಮಾನದಂಡ ಪ್ರಕಟಿಸಿತು. ಆದರೆ ಸಣ್ಣ ಬಳಗದಲ್ಲಿ ಬ್ಯೂರೊ ಬರುವ ಮುಂಚೆಯೇ ಸತ್ಯ ಹೊರಬೀಳುತ್ತದೆ. ಯಾರು ಯಾರ ನೆಂಟರು ಎಂದು ಶಿರಸಿ, ಸಿದ್ದಾಪುರ, ಸುಳ್ಯದ ಗುಂಪುಗಳಲ್ಲಿ ಗೊತ್ತಾಗದೆ ಇರುತ್ತದೆಯೇ? ಒಮ್ಮೆ ಹೆಸರು ಕೆಟ್ಟರೆ ಅದೇ ಗುಂಪಿಗೆ ಮತ್ತೆ ಮುಖ ತೋರಿಸುವುದು ಕಷ್ಟ. ನೆಂಟರೇ ರುಚಿ ನೋಡಿ ಮೆಚ್ಚಿದ್ದರೆ ‘ನಾನು ಇವರ ಅತ್ತಿಗೆ, ಆದರೂ ಹೇಳುತ್ತೇನೆ’ ಎಂದು ಬರೆಯಲಿ. ಅಂಥ ಒಂದು ಸಾಲಿಗೆ ಇರುವ ಬೆಲೆ ಹತ್ತು ನಕಲಿ ಹೊಗಳಿಕೆಗೆ ಇಲ್ಲ.

ಬೇಡಿಕೆ ಒಮ್ಮೆಲೇ ಏರಿದಾಗಿನ ಪಾಡು ಬೇರೆಯದು. ಪ್ರಧಾನಿಯ ಮಾತಿನಲ್ಲಿ ಬಂದ ಪದಾರ್ಥವನ್ನು ಜನ ಕೇಳದೆ ಬಿಡುತ್ತಾರೆಯೇ? ದಿನಕ್ಕೆ ನಾಲ್ಕು ಕಿಲೋ ಹುಡಿ ಮಾಡುವ ಮನೆಗೆ ನಲವತ್ತು ಕಿಲೋ ಆರ್ಡರ್ ಬಂದರೆ, ಅದೂ ಜುಲೈ ಮಳೆಯಲ್ಲಿ, ಎಲ್ಲಿಂದ ತರುವುದು? ಅರೆಬರೆ ಒಣಗಿದ್ದನ್ನೇ ಬೀಸಿ ಕಳಿಸಿದರೆ ಪ್ಯಾಕೆಟ್ಟಿನೊಳಗೆ ಗಂಟುಕಟ್ಟಿ ವಾಸನೆ ಬರುತ್ತದೆ, ಆ ಫೋಟೊ ಕೂಡ ಗ್ರೂಪಿಗೇ ಬಂದು ಬೀಳುತ್ತದೆ. ಜಾಣರು ಆಗ ಎರಡು ಕೆಲಸ ಮಾಡುತ್ತಾರೆ. ‘ಈ ವಾರದ್ದು ಮುಗಿಯಿತು, ಮುಂದಿನ ವಾರ ಹತ್ತು ಕಿಲೋ ಸಿಗುತ್ತದೆ’ ಎಂದು ನೇರ ಹೇಳುವುದು ಒಂದು. ‘ಇವರಲ್ಲಿ ಕೇಳಿ’ ಎಂದು ಇನ್ನೊಬ್ಬ ತಯಾರಕರ ಕಡೆ ತೋರಿಸುವುದು ಇನ್ನೊಂದು. ಗಿರಾಕಿಯನ್ನು ಪಕ್ಕದವರಿಗೆ ಬಿಟ್ಟುಕೊಡುವುದು ನಷ್ಟದಂತೆ ಕಂಡೀತು. ಆದರೆ ಹಾಗೆ ಮಾಡಿದವರನ್ನೇ ಗುಂಪು ಆಮೇಲೆ ಮೊದಲು ನೆನೆಯುತ್ತದೆ.

ಕಾಗದಪತ್ರದ ವಿಷಯ ಚುಟುಕಾಗಿ ಹೇಳಿ ಮುಗಿಸುತ್ತೇನೆ, ಆದರೆ ಬಿಡುವಂತಿಲ್ಲ. ಮನೆಯಲ್ಲೇ ತಯಾರಿಸಿ ಮಾರುವವರಿಗೂ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಬೇಕು. ವರ್ಷಕ್ಕೆ 12 ಲಕ್ಷ ರೂಪಾಯಿಯೊಳಗೆ ವಹಿವಾಟಿರುವ ಪುಟ್ಟ ತಯಾರಕರಿಗೆ ಬಾಕಾಹುವಿನ ಕಾಲದಲ್ಲಿ ವರ್ಷಕ್ಕೆ ನೂರು ರೂಪಾಯಿ ಶುಲ್ಕದಲ್ಲಿ ಅದು ಆನ್‌ಲೈನಿನಲ್ಲೇ ಸಿಗುತ್ತಿತ್ತು. ಆ 14 ಅಂಕಿಯ ಸಂಖ್ಯೆ, ನಿವ್ವಳ ತೂಕ, ಬೆಲೆ, ತಯಾರಾದ ದಿನ, ಎಷ್ಟು ದಿನದೊಳಗೆ ಬಳಸಬೇಕು, ತಯಾರಕರ ವಿಳಾಸ ಇಷ್ಟಾದರೂ ಪ್ಯಾಕೆಟ್ಟಿನ ಮೇಲಿರಬೇಕು. ಗುಂಪಿನ ಪೋಸ್ಟಿನಲ್ಲಿ ಈ ಲೇಬಲ್ಲಿನ ಫೋಟೊ ಹಾಕಿದರೆ ಅರ್ಧ ಪ್ರಶ್ನೆಗಳು ಅಲ್ಲಿಗೇ ಮುಗಿಯುತ್ತವೆ. ಡ್ರೈಯರ್, ಮಿಲ್ಲು ಕೊಳ್ಳುವ ಯೋಚನೆ ಇರುವವರು ಕೇಂದ್ರ ಸರ್ಕಾರ 2020ರಲ್ಲಿ ಶುರುಮಾಡಿದ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆ ಈಗಲೂ ಇದೆಯೇ ಎಂದು ವಿಚಾರಿಸಿಕೊಳ್ಳಬೇಕು. ಅದರಲ್ಲಿ ಯೋಜನಾ ವೆಚ್ಚದ ಶೇ 35ರಷ್ಟು, 10 ಲಕ್ಷ ರೂಪಾಯಿ ಮೀರದಂತೆ, ಸಾಲಕ್ಕೆ ಜೋಡಿಸಿದ ಸಹಾಯಧನವಿತ್ತು. ಎಷ್ಟೋ ಹೆಣ್ಣುಮಕ್ಕಳಿಗೆ ಇಂಥ ಯೋಜನೆಯ ಸುದ್ದಿ ಮುಟ್ಟಿದ್ದೂ ಗ್ರೂಪಿನ ಸಂದೇಶದಿಂದಲೇ.

ಬಾಕಾಹುವಿನ ಆ ಜ್ವರ ಅದೇ ಬಿಸಿಯಲ್ಲಿ ಉಳಿಯಲಿಲ್ಲ. ಲಾಕ್‌ಡೌನ್ ತೆರವಾಗಿ ಬಾಳೆಗೊನೆಗೆ ದರ ಬಂದಾಗ ಹುಡಿ ಮಾಡುವುದನ್ನು ಬಿಟ್ಟವರಿದ್ದಾರೆ. ಕಾಯಿಗೇ ಒಳ್ಳೆಯ ಬೆಲೆ ಸಿಗುವಾಗ ಐದು ಕಿಲೋ ಒಣಗಿಸಿ ಒಂದು ಕಿಲೋ ಮಾಡುವ ಅಗತ್ಯ ಕೃಷಿಕನಿಗೆ ಇಲ್ಲ, ಅದರಲ್ಲಿ ತಪ್ಪೂ ಇಲ್ಲ. ಉಳಿಯುವವರು ಹುಡಿಯನ್ನು ಅದರ ರುಚಿಗಾಗಿ, ಮಗುವಿನ ಗಂಜಿಗಾಗಿ, ಗೋಧಿ ಆಗದವರ ರೊಟ್ಟಿಗಾಗಿ ಕೇಳುವ ಗಿರಾಕಿಗಳನ್ನು ಹೊಂದಿದವರು. ಅವರ ಪಟ್ಟಿ ಚಿಕ್ಕದು, ಆದರೆ ಪ್ರತಿ ತಿಂಗಳೂ ಅದೇ ಹೆಸರುಗಳು. ಸಣ್ಣ ಉದ್ದಿಮೆಗೆ ಅಂಥ ನೂರು ಮನೆಗಳು ಸಿಕ್ಕರೆ ಒಂದು ಕುಟುಂಬದ ಖರ್ಚಿಗೆ ಒಳ್ಳೆಯ ಆಸರೆ.

ಹೊಸದಾಗಿ ಶುರುಮಾಡುವವರು ಮೊದಲ ಪೋಸ್ಟ್ ಹೇಗೆ ಬರೆಯಬೇಕೆಂದು ಕೇಳುತ್ತಾರೆ. ನಾನಾದರೆ ಹೀಗೆ ಬರೆಯಲು ಹೇಳುತ್ತೇನೆ: ‘ನಮ್ಮ ತೋಟದ ಕದಳಿ ಬಾಳೆಯಿಂದ ಹುಡಿ ಮಾಡಿದ್ದೇನೆ. ಮೂರು ದಿನ ಬಿಸಿಲಲ್ಲಿ ಒಣಗಿಸಿದ್ದು. ಅಕ್ಕಿಹಿಟ್ಟಿನ ಜೊತೆ ಸಮ ಸಮ ಹಾಕಿದರೆ ದೋಸೆ ಚೆನ್ನಾಗಿ ಬಂತು. ಬರೀ ಹುಡಿಯಲ್ಲಿ ಮಾಡಿದ್ದು ಕಾವಲಿಗೆ ಹಿಡಿಯಿತು, ಯಾರಿಗಾದರೂ ಉಪಾಯ ಗೊತ್ತಿದ್ದರೆ ತಿಳಿಸಿ. ಮನೆಗೆ ಇಟ್ಟು ಆರು ಕಿಲೋ ಉಳಿದಿದೆ.’ ಜೊತೆಗೆ ಎರಡು ಫೋಟೊ, ಹುಡಿಯದೊಂದು, ಒಣಗಲು ಹರವಿದ ಬಿಲ್ಲೆಯದೊಂದು. ಬೆಲೆ ಕೇಳಿದವರಿಗೆ ಗುಂಪಿನಲ್ಲೇ ಹೇಳಿ. ‘ಪರ್ಸನಲ್ಲಿಗೆ ಬನ್ನಿ’ ಎಂದರೆ ಕೇಳಲು ಮನಸ್ಸಿದ್ದ ಉಳಿದವರು ಅಲ್ಲೇ ದೂರ ಸರಿಯುತ್ತಾರೆ. ಕಾವಲಿಯ ಪ್ರಶ್ನೆಗೆ ಬಂದ ಉತ್ತರಗಳನ್ನು ಮಾರನೆಯ ದಿನ ಮಾಡಿನೋಡಿ, ಯಾವುದು ಸರಿಹೋಯಿತೆಂದು ಹೇಳಿದವರ ಹೆಸರು ಹಿಡಿದು ತಿಳಿಸಿ. ಆರು ಕಿಲೋ ಖಾಲಿಯಾದ ಮೇಲೂ ಗುಂಪು ಬಿಟ್ಟು ಹೋಗಬೇಡಿ, ಬೇರೆಯವರ ಮೆಣಸಿನ ಬಳ್ಳಿಗೋ ಜೇನುಪೆಟ್ಟಿಗೆಗೋ ನಿಮಗೆ ಗೊತ್ತಿದ್ದದ್ದನ್ನು ಹೇಳುತ್ತಿರಿ.